ಮೆಕಾಂಗ್ ನಾವಿಕನ ಜೊತೆ ನಾಲ್ಕು ಊರು

2004ರ ಮಾರ್ಚ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ, ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಕಾಂಬೋಡಿಯಾದವರೊಬ್ಬರಿಗಾಗಿ ಕಾಯುತ್ತ ನಿಂತಿದ್ದೆ. ಆಗ ನಾನು ಶಿಡ್ಲಘಟ್ಟದಲ್ಲಿ ರೇಷ್ಮೆ ಪ್ರದರ್ಶಕಿಯಾಗಿದ್ದೆ. ಹುಳು ಸಾಕುವ ರೈತರ ಮನೆಗಳಿಗೆ ಹೋಗಿ ರೋಗ, ಔಷಧಿ, ಸೊಪ್ಪಿನ ವಿಚಾರ ತಿಳಿಸುವುದು ನನ್ನ ಕೆಲಸ. ಹೊರದೇಶದಿಂದ ತರಬೇತಿಗೆ ಬಂದ ತಂಡವೊಂದು ರಾಮನಗರದ ಕಡೆ ಹೋಗಿತ್ತು. ಅದರಲ್ಲಿ ಒಬ್ಬರು ಮಾತ್ರ ನಮ್ಮ ಕಡೆ ಚರಕದಲ್ಲಿ ನೂಲು ತೆಗೆಯುವವರನ್ನು ನೋಡಲೇಬೇಕೆಂದು ಹಟ ಹಿಡಿದಿದ್ದರಂತೆ. "ನಿಮಗೆ ಇಂಗ್ಲಿಷ್ ಬರ್ತದೆ, ಮನೇಲಿ ಕಾಯೋರೂ ಯಾರಿಲ್ಲ. ನೀವೇ ಸುತ್ತಾಡಿಸ್ಕೊಂಡು ಬನ್ನಿ ಮೇಡಂ," ಎಂದು ನಮ್ಮ ಸಾಹೇಬರು ಹೇಳಿದರು. ಎರಡನೆಯ ಕಾರಣವನ್ನು ಅವರು ಹೇಳದಿದ್ದರೂ ನಡೆಯುತ್ತಿತ್ತು.

ಬೆಂಗಳೂರಿನ ಬಸ್ಸಿನಿಂದ ಇಳಿದವರು ಗಿಡ್ಡಗೆ, ಗಟ್ಟಿಮುಟ್ಟಾಗಿದ್ದರು. ತಲೆ ಪೂರ್ತಿ ನರೆತಿತ್ತು. ಹೆಗಲಿಗೆ ಒಂದೇ ಚೀಲ. ಹೆಸರು ಸೊವಣ್ಣ ಎಂದರು. ಅವರ ಭಾಷೆಯಲ್ಲಿ ಹಾಗೆಂದರೆ ಚಿನ್ನವಂತೆ. ಕೈ ಮುಗಿದು ತಲೆ ಬಾಗಿಸಿದ ರೀತಿ ನಮ್ಮದೇ. ಶಿಡ್ಲಘಟ್ಟದ ಬಸ್ಸಿನಲ್ಲಿ ಕಂಡಕ್ಟರ್ ಅವರ ಮುಖ ನೋಡಿ ನನ್ನನ್ನು, "ಎವರಮ್ಮಾ ಈಯನ? ಚೈನಾನಾ?" ಎಂದು ತೆಲುಗಿನಲ್ಲಿ ಇವರು ಯಾರೆಂದು ಕೇಳಿದ. ಕಾಂಬೋಡಿಯಾದವರು, ಸೊವಣ್ಣ ಅಂತ, ಎಂದೆ. "ಸೋಮಣ್ಣನಾ? ಹಂಗಾದ್ರೆ ನಮ್ಮೋರೇ ಬಿಡಿ," ಎಂದು ಹನ್ನೆರಡು ರೂಪಾಯಿಯ ಎರಡು ಟಿಕೆಟ್ ಹರಿದುಕೊಟ್ಟ. ಅಲ್ಲಿಂದ ಮುಂದೆ ಎಲ್ಲ ಕಡೆ ಅವರು ಸೋಮಣ್ಣನೇ ಆದರು.

ಅದು ಮಳೆ ಕೈಕೊಟ್ಟ ವರ್ಷಗಳ ಬೇಸಿಗೆ. ದ್ರಾಕ್ಷಿ ತೋಟಗಳ ಹಸಿರು ಮುಗಿದ ಮೇಲೆ ರಸ್ತೆಯ ಎರಡೂ ಕಡೆ ಬಿಳಿ ನೆಲ. ನೀರಿಲ್ಲದ ಕೆರೆಯೊಂದರಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಸೊವಣ್ಣ ಕಿಟಕಿಯಿಂದ ಕಣ್ಣು ತೆಗೆಯಲೇ ಇಲ್ಲ. ಕೊನೆಗೆ, "ನಿಮ್ಮ ನದಿ ಎಲ್ಲಿದೆ?" ಎಂದು ಕೇಳಿದರು. ನಂದಿ ಬೆಟ್ಟದ ಕಡೆ ತೋರಿಸಿ, ಅಲ್ಲಿ ಹುಟ್ಟುತ್ತವೆ, ನಮ್ಮಲ್ಲಿ ನಿಲ್ಲುವುದಿಲ್ಲ, ಈಗ ಹರಿಯುವುದೂ ಇಲ್ಲ ಎಂದೆ. ಅವರು ತಲೆಯಾಡಿಸಿ, "ನಾನು ನೌಕಾಪಡೆಯಲ್ಲಿದ್ದವನು. ಊರಿಗೆ ಹೋದರೆ ಮೊದಲು ನದಿ ಹುಡುಕುವುದು ಅಭ್ಯಾಸ," ಎಂದರು.

ನೌಕಾಪಡೆ ಎಂದಾಗ ನನಗೆ ಗಣರಾಜ್ಯೋತ್ಸವದ ಟಿವಿಯಲ್ಲಿ ಕಾಣುವ ದೊಡ್ಡ ಹಡಗುಗಳು ನೆನಪಾದವು. ಅದನ್ನೇ ಹೇಳಿದೆ. ಅವರು ನಕ್ಕು, ಧೂಳು ಹಿಡಿದ ಕಿಟಕಿ ಗಾಜಿನ ಮೇಲೆ ಬೆರಳಿನಿಂದ ಉದ್ದಕ್ಕೊಂದು ಸೊಟ್ಟ ಗೆರೆ ಎಳೆದರು. ಮೇಲ್ತುದಿಯಲ್ಲಿ ಒಂದು ಚುಕ್ಕೆ. "ಇದು ಮೆಕಾಂಗ್. ಇದು ನಮ್ಮ ರಾಜಧಾನಿ, ಪ್ನೋಮ್ ಪೆನ್. ನಮ್ಮ ಯುದ್ಧವೆಲ್ಲ ಈ ಗೆರೆಯ ಮೇಲೆಯೇ ನಡೆಯಿತು."

ಶಿಡ್ಲಘಟ್ಟ ತಲುಪುವವರೆಗೂ ಅವರು ಅದನ್ನೇ ಹೇಳಿದರು. ಫ್ರೆಂಚರು ಬಿಟ್ಟುಹೋದ ಕೆಲವು ಹಳೆಯ ದೋಣಿಗಳಿಂದ ಶುರುವಾದ ಪಡೆ ಅದು. ದೇಶ ಆಳುತ್ತಿದ್ದ ರಾಜಕುಮಾರನ ಕಾಲದಲ್ಲಿ ಹಬ್ಬದ ದಿನ ನದಿಯಲ್ಲಿ ಮೆರವಣಿಗೆ ಹೋಗುವುದೇ ದೊಡ್ಡ ಕೆಲಸವಾಗಿತ್ತು. 1970ರಲ್ಲಿ ರಾಜಕುಮಾರನನ್ನು ಇಳಿಸಿ ಸೇನೆಯವರು ಅಧಿಕಾರ ಹಿಡಿದರು. ದೇಶದೊಳಗೇ ಯುದ್ಧ ಹತ್ತಿಕೊಂಡಿತು. ಹಳ್ಳಿಗಾಡು ಕ್ರಾಂತಿಕಾರಿಗಳ ಕೈಗೆ ಹೋಯಿತು, ಪಟ್ಟಣಗಳು ಸರ್ಕಾರದ ಕೈಯಲ್ಲಿ ಉಳಿದವು. ರಸ್ತೆಗಳು ಒಂದೊಂದಾಗಿ ಮುಚ್ಚಿದ ಮೇಲೆ ರಾಜಧಾನಿಗೆ ಅಕ್ಕಿ, ಎಣ್ಣೆ, ಮದ್ದುಗುಂಡು ಬರಬೇಕಾದರೆ ವಿಯೆಟ್ನಾಂ ಕಡೆಯಿಂದ ನದಿಯೇ ದಾರಿ. ಅಮೆರಿಕದವರು ಸಣ್ಣ ಗಸ್ತು ದೋಣಿಗಳನ್ನು ಕೊಟ್ಟರು, ಓಡಿಸುವುದನ್ನು ಕಲಿಸಿದರು. ಸೊವಣ್ಣ ಇಂಗ್ಲಿಷ್ ಕಲಿತದ್ದೂ ಅವರಿಂದಲೇ. ಸರಕಿನ ದೋಣಿಗಳನ್ನು ಸಾಲಾಗಿ ಕಟ್ಟಿಕೊಂಡು ಎಳೆಹಡಗು ಮೇಲಕ್ಕೆ ಬರುತ್ತಿತ್ತು. ಅದರ ಎರಡೂ ಬದಿಗೆ ಇವರ ದೋಣಿಗಳು.

"ನದಿ ಕಿರಿದಾಗುವ ಕಡೆ ದಡದ ತಾಳೆಮರಗಳ ಹಿಂದಿನಿಂದ ಹೊಡೆಯುತ್ತಿದ್ದರು," ಎಂದರು. "ಅಕ್ಕಿಯ ದೋಣಿಗೆ ಬೆಂಕಿ ಬಿದ್ದರೆ ಸೀದ ಅನ್ನದ ವಾಸನೆ ಬರುತ್ತಿತ್ತು. ಹಸಿದವರಿಗೆ ಅದು ಒಳ್ಳೆಯ ವಾಸನೆ ಎನ್ನಿಸಿಬಿಡುತ್ತಿತ್ತು. ಆಮೇಲೆ ನಾಚಿಕೆ."

ಶಿಡ್ಲಘಟ್ಟದಲ್ಲಿ ಅವರ ಚೀಲವನ್ನು ಲಾಡ್ಜಿನಲ್ಲಿಟ್ಟು ರೇಷ್ಮೆಗೂಡಿನ ಮಾರುಕಟ್ಟೆಗೆ ಹೋದೆವು. ಹರಾಜು ಮುಗಿಯುತ್ತ ಬಂದಿತ್ತು. ಉದ್ದನೆಯ ಕಟ್ಟೆಗಳ ಮೇಲೆ ರಾಶಿ ರಾಶಿ ಹಳದಿ ಗೂಡು. ಸೊವಣ್ಣ ಬಾಗಿಲಲ್ಲೇ ನಿಂತುಬಿಟ್ಟರು. ಆಮೇಲೆ ಒಳಗೆ ಬಂದು ಒಂದು ಗೂಡನ್ನು ಎತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗಿನ ಹುಳು ಸರಿಯಿದೆಯೇ ಎಂದು ತಿಳಿಯಲು ನಮ್ಮ ರೈತರೂ ಮಾಡುವುದು ಹಾಗೆಯೇ. ಬೇರೆ ದೇಶಗಳ ರೇಷ್ಮೆಯೆಲ್ಲ ಬಿಳಿ, ನಮ್ಮ ಹಳ್ಳಿಗಳದ್ದು ಮಾತ್ರ ಈ ಬಣ್ಣದ್ದು ಎಂದುಕೊಂಡಿದ್ದೆ ಎಂದರು. ಅವರ ಹೆಂಡತಿಯ ತವರಿನಲ್ಲಿ ಮನೆಮನೆಗೂ ಹುಳು, ಮನೆಮನೆಗೂ ಮಗ್ಗವಂತೆ. ಯುದ್ಧ ಮುಗಿದ ಮೇಲೆ ಬಂದ ಕ್ರಾಂತಿಕಾರಿಗಳ ಆಳ್ವಿಕೆಯಲ್ಲಿ ಹಿಪ್ಪುನೇರಳೆ ಗಿಡಗಳು ಹೋದವು, ಸಾಕುವವರೂ ಹೋದರು. ಈಗ ಅದೇ ಊರಿನಲ್ಲಿ ಕೆಲವರು ಸೇರಿ ಮತ್ತೆ ಶುರುಮಾಡಿದ್ದಾರೆ, ಅವರ ಪರವಾಗಿ ತಾನು ಬಂದಿದ್ದೇನೆ ಎಂದರು.

ಚರಕ ನೋಡಲು ನೂರುನ್ನೀಸಾ ಅವರ ಮನೆಗೆ ಕರೆದುಕೊಂಡು ಹೋದೆ. ನಾನು ಬಾಡಿಗೆಗಿದ್ದ ಕೋಣೆ ಅವರ ಮನೆಯ ಮಹಡಿಯಲ್ಲೇ ಇತ್ತು. ಹಿತ್ತಲಿನ ತಗಡಿನ ಮಾಡಿನಡಿ ಒಲೆಗಳು, ಕುದಿಯುವ ನೀರು, ಗೂಡು ಬೇಯುವ ಆ ಗಾಟು ವಾಸನೆ. ಊರಿಗೆ ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ಸೊವಣ್ಣ ಪಂಚೆ ಉಟ್ಟವರಂತೆ ಕುಕ್ಕರಗಾಲಲ್ಲಿ ಕೂತು, ನೂರುನ್ನೀಸಾ ಎಳೆ ಹುಡುಕುವುದನ್ನು ಬಹಳ ಹೊತ್ತು ನೋಡಿದರು. ಪಕ್ಕದ ಬುಟ್ಟಿಯಲ್ಲಿ ನೂಲು ಬಿಚ್ಚಿದ ಮೇಲೆ ಉಳಿದ ಹುಳುಗಳಿದ್ದವು. ಅದರಿಂದ ಒಂದನ್ನು ತೆಗೆದು ಬಾಯಿಗೆ ಹಾಕಿಕೊಂಡರು.

"ಹಾಯ್ ಅಲ್ಲಾ, ತಿಂದ್ಬಿಟ್ರು ಮೇಡಂ," ಎಂದು ನೂರುನ್ನೀಸಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ನಮ್ಮಲ್ಲಿ ನೂಲು ತೆಗೆಯುವ ಹೆಂಗಸರು ಕೆಲಸದ ನಡುವೆ ತಿನ್ನುತ್ತಾರೆ," ಎಂದು ಅವರು ನನಗೆ ಹೇಳಿದರು. "ಮಕ್ಕಳು ಪಕ್ಕದಲ್ಲೇ ಕಾದು ಕೂತಿರುತ್ತವೆ."

ಅದನ್ನು ನಾನು ಕನ್ನಡದಲ್ಲಿ ಹೇಳಿದ ಮೇಲೆ ನೂರುನ್ನೀಸಾ, "ಕೇಳಿ ಮೇಡಂ, ಅವ್ರಿಗೆಷ್ಟು ಮಕ್ಳು?" ಎಂದರು. ಕೇಳಿದೆ. ಸೊವಣ್ಣ ಒಂದು ಬೆರಳು ಎತ್ತಿದರು. ಆ ಸಂಜೆ ನೂರುನ್ನೀಸಾ ಸೊವಣ್ಣನಿಗೂ ಸೇರಿಸಿ ಚಪಾತಿ, ತೊವ್ವೆ ಕಳಿಸಿದರು. ಲಾಡ್ಜಿನ ವರಾಂಡದಲ್ಲಿ ಕೂತು ಊಟ ಮಾಡಿದೆವು. ಎದುರಿಗೆ ರೈಲು ನಿಂತುಹೋದ ಹಳಿ. ನಡುವೆ ಹುಲ್ಲು ಬೆಳೆದಿತ್ತು. ನಿಮ್ಮ ಮನೆಯಲ್ಲಿ ಯಾರಿದ್ದಾರೆ ಎಂದು ಅವರು ಕೇಳಿದಾಗ, ಗೌರಿಬಿದನೂರಿನಲ್ಲಿ ಅಪ್ಪ ಇದ್ದಾರೆ, ತಮ್ಮನ ಸಂಸಾರವಿದೆ, ನನ್ನದು ಮೇಲಿನ ಕೋಣೆ ಒಂದೇ ಎಂದೆ. ನೋಡಿದ ಸಂಬಂಧಗಳು ಒಂದೆರಡು ತಪ್ಪಿದವು. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ. ಅದನ್ನು ಇಂಗ್ಲಿಷಿನಲ್ಲಿ ಹೇಳುವುದು ಕನ್ನಡಕ್ಕಿಂತ ಸುಲಭವಾಯಿತು.

ಮಾರನೆಯ ದಿನ ಚಿಂತಾಮಣಿಗೆ ಹೋದೆವು, ಮೂವತ್ತು ಕಿಲೋಮೀಟರಿನ ಹತ್ತಿರ. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಇಡ್ಲಿ ತಿಂದು, ಹತ್ತಿರದ ಹಳ್ಳಿಯಲ್ಲಿ ಹುಳುಮನೆ ನೋಡಿದೆವು. ಚಂದ್ರಿಕೆ ಎಂಬ ಬಿದಿರಿನ ತಟ್ಟೆಯ ತುಂಬ ಹುಳುಗಳು ಗೂಡು ಕಟ್ಟುತ್ತಿದ್ದವು. ಆ ಮನೆಯ ಯಜಮಾನರು, ಬಂದವರು ಬಂದಿದ್ದೀರಿ, ಪಕ್ಕದ ಮುರುಗಮಲ್ಲದ ದರ್ಗಾ ನೋಡಿಕೊಂಡು ಹೋಗಿ ಎಂದರು. ಟೆಂಪೋ ಹತ್ತಿ ಹೋದೆವು.

ಮುರುಗಮಲ್ಲಕ್ಕೆ ಮನಸ್ಸು ಕೆಟ್ಟವರನ್ನು ಕರೆತರುವುದು ನಮ್ಮ ಕಡೆ ಹಿಂದಿನಿಂದ ಬಂದ ರೂಢಿ. ಹಿಂದೂಗಳು, ಮುಸ್ಲಿಮರು ಇಬ್ಬರೂ ಬರುತ್ತಾರೆ. ಅಂಗಳದ ನೆರಳಿನಲ್ಲಿ ಚಾಪೆ ಹಾಸಿಕೊಂಡು ತಿಂಗಳುಗಟ್ಟಲೆ ಇರುವವರೂ ಉಂಟು. ಒಬ್ಬ ತಾಯಿ ದೊಡ್ಡ ಮಗಳ ತಲೆ ಬಾಚುತ್ತಿದ್ದಳು. ಮಗಳು ಎಲ್ಲೋ ನೋಡುತ್ತಿದ್ದಳು. ಸೊವಣ್ಣ ಬೇವಿನ ಮರದಡಿ ಕಲ್ಲುಕಟ್ಟೆಯ ಮೇಲೆ ಕೂತರು. ಇವರೆಲ್ಲ ಎಷ್ಟು ದಿನ ಇರುತ್ತಾರೆ ಎಂದು ಕೇಳಿದರು. ವಾಸಿಯಾಗುವವರೆಗೆ ಎಂದೆ. ಉಳಿದ ಕಥೆಯನ್ನು ಅವರು ಹೇಳಿದ್ದು ಅಲ್ಲೇ.

ಹೆಂಡತಿಯ ಹೆಸರು ಬೊಪ್ಪಾ, ಮಗಳ ಹೆಸರು ಮಾಲಿ. ರಾಜಧಾನಿಯ ಎದುರು ದಡದಲ್ಲಿದ್ದ ನೌಕಾನೆಲೆಯ ವಸತಿಯಲ್ಲಿ ಇದ್ದರು. ಸರಕಿನ ಸಾಲು ಮೇಲಕ್ಕೆ ಬಂದಾಗೆಲ್ಲ ಹೆಂಡತಿ ಮಗುವನ್ನು ಸೊಂಟಕ್ಕೇರಿಸಿಕೊಂಡು ದಡಕ್ಕೆ ಬಂದು, ದೋಣಿಗಳಲ್ಲಿ ಗಂಡನದ್ದು ಯಾವುದೆಂದು ಹುಡುಕುತ್ತಿದ್ದಳು. ಎಪ್ಪತ್ತೈದರ ಮೊದಲ ತಿಂಗಳುಗಳಲ್ಲಿ ಶತ್ರುಗಳು ನದಿಯಲ್ಲಿ ಸಿಡಿಗುಂಡುಗಳನ್ನು ಮುಳುಗಿಸಿಟ್ಟರು. ಬೇಸಿಗೆ, ನೀರು ಇಳಿದಿತ್ತು, ತಪ್ಪಿಸಿಕೊಂಡು ಹೋಗಲು ಜಾಗವಿರಲಿಲ್ಲ. ಗಸ್ತು ದೋಣಿಗಳು ಮುಂದೆ ಹೋಗಿ ಸಿಡಿಗುಂಡು ತೆಗೆಯಲು ನೋಡಿದವು. ಹೋದವುಗಳಲ್ಲಿ ಹಲವು ವಾಪಸು ಬರಲಿಲ್ಲ. ಅಲ್ಲಿಗೆ ನದಿಯ ದಾರಿ ಮುಗಿಯಿತು. ದೋಣಿ ಕಳೆದುಕೊಂಡ ಕೆಲವರನ್ನು ವಿಮಾನದಲ್ಲಿ ಸಮುದ್ರ ತೀರದ ರೀಮ್ ಎಂಬ ನೆಲೆಗೆ ಕಳಿಸಿದರು. ಸೊವಣ್ಣನೂ ಹೋದರು. ಸಂಸಾರವನ್ನು ಮುಂದಿನ ವಿಮಾನದಲ್ಲಿ ಕಳಿಸುತ್ತೇವೆ ಎಂದು ಮೇಲಿನವರು ಮಾತು ಕೊಟ್ಟಿದ್ದರು.

"ಮುಂದಿನ ವಿಮಾನ ಅಂತ ಪ್ರತಿ ವಿಮಾನವನ್ನೂ ಕಾದೆ," ಎಂದರು. "ಏಪ್ರಿಲ್‌ನಲ್ಲಿ ರಾಜಧಾನಿ ಬಿದ್ದ ಸುದ್ದಿ ರೇಡಿಯೋದಲ್ಲಿ ಬಂತು. ನೆಲೆಯ ಅಧಿಕಾರಿ ನಮ್ಮನ್ನು ಸಾಲಾಗಿ ನಿಲ್ಲಿಸಿ, ಹೊರಡುವವರು ಹಡಗು ಹತ್ತಿ, ಉಳಿಯುವವರು ಉಳಿಯಿರಿ ಎಂದ. ನಾಲ್ಕು ದಿನ ಆಚೆ ಇದ್ದು ಬರೋಣ, ಗಲಾಟೆ ತಣ್ಣಗಾಗುತ್ತದೆ ಎಂದುಕೊಂಡೆವು. ಉಳಿದಿದ್ದರೆ ಏನಾಗುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ಉಳಿದ ನನ್ನ ಜೊತೆಗಾರರಲ್ಲಿ ಒಬ್ಬನನ್ನೂ ನಾನು ಮತ್ತೆ ನೋಡಿಲ್ಲ."

ಹಡಗಿನ ತುಂಬ ರೀಮ್‌ನಲ್ಲಿದ್ದ ನಾವಿಕರ ಹೆಂಡತಿ ಮಕ್ಕಳು. ಸೊವಣ್ಣ ಅವರಿಗೆಲ್ಲ ಗಂಜಿ ಬೇಯಿಸಿ ಹಂಚಿದರು. ಸಮುದ್ರದ ಮೇಲೆ ಒಂದು ಹೆಣ್ಣುಮಗು ಅವರ ಅಂಗಿ ಹಿಡಿದುಕೊಂಡು ಮಲಗಿತ್ತು; ಅದರ ತಾಯಿಗೆ ವಾಂತಿ. ಫಿಲಿಪ್ಪೀನ್ಸಿನ ಬಂದರಿನಲ್ಲಿ ಹಡಗಿನ ಬಾವುಟ ಇಳಿಸಿ ಮಡಚಿಟ್ಟರು. ಆ ಹಡಗು ಯಾವ ದೇಶದ್ದೋ ಆ ದೇಶವೇ ಈಗ ಇಲ್ಲ ಎಂದು ಅಲ್ಲಿಯ ಅಧಿಕಾರಿ ಹೇಳಿದನಂತೆ. ಅವರ ನೌಕಾಪಡೆ ಮುಗಿದದ್ದು ಹಾಗೆ, ಪರದೇಶದ ಕಟ್ಟೆಗೆ ಕಟ್ಟಿದ ಹಡಗುಗಳಲ್ಲಿ. ಅಲ್ಲಿಂದ ಅಮೆರಿಕ. ಕರಿದ ಸಿಹಿ ತಿಂಡಿ ಮಾಡುವ ಅಂಗಡಿಯೊಂದರಲ್ಲಿ ಹಿಟ್ಟು ಕಲಸಿಕೊಂಡು ವರ್ಷಗಳು ಹೋದವು. ತೊಂಬತ್ತರ ದಶಕದಲ್ಲಿ ದೇಶ ಬಾಗಿಲು ತೆರೆದ ಮೇಲೆ ಹಿಂತಿರುಗಿ ಹುಡುಕಿದರು. ಪಟ್ಟಣ ಖಾಲಿಮಾಡಿಸಿದಾಗ ತಾಯಿ ಮಗಳಿಬ್ಬರನ್ನೂ ವಾಯುವ್ಯದ ಗದ್ದೆ ಕೆಲಸಕ್ಕೆ ಓಡಿಸಿಕೊಂಡು ಹೋದದ್ದನ್ನು ನೋಡಿದೆ ಎಂದು ಒಬ್ಬಾಕೆ ಹೇಳಿದಳು. ಇನ್ನೊಬ್ಬಳು ಅದು ಬೇರೆ ಯಾರೋ ಎಂದಳು. ಅಷ್ಟೇ.

ಮತ್ತೆ ಮದುವೆಯಾಗಲಿಲ್ಲವೇ ಎಂದು ನಾನು ಕೇಳಿದೆ. ಕೇಳಬಾರದಿತ್ತೇನೋ. "ಮದುವೆಯಾಗಿದೆಯಲ್ಲ," ಎಂದರು. ದರ್ಗಾದಲ್ಲಿ ಯಾರೋ ಲೋಬಾನ ಹಾಕಿದರು. ಹೊಗೆ ನಮ್ಮ ಕಡೆ ಬಂದು, ನಾವು ಎದ್ದೆವು. ಸಂಜೆಗೆ ಶಿಡ್ಲಘಟ್ಟಕ್ಕೆ ವಾಪಸಾದೆವು.

ಬುಧವಾರ ಚಿಕ್ಕಬಳ್ಳಾಪುರದಲ್ಲಿ ಬಸ್ ಬದಲಿಸಿ ಗೌರಿಬಿದನೂರಿಗೆ ಹೊರಟೆವು. ಅಲ್ಲಿಂದ ಅವರಿಗೆ ಬೆಂಗಳೂರಿನ ರೈಲು. ಗುರುವಾರ ನನ್ನ ಅಮ್ಮ ತೀರಿಕೊಂಡ ದಿನ. ಪ್ರತಿ ವರ್ಷ ಅಂದು ನಾನು ಮನೆಗೆ ಹೋಗುತ್ತೇನೆ. ಲಾಡ್ಜಿನ ಬದಲು ನಮ್ಮ ಮನೆಯಲ್ಲೇ ಇರಿ ಎಂದಾಗ ಅವರು ಎರಡು ಸಲ ಬೇಡವೆಂದು ಮೂರನೆಯ ಸಲಕ್ಕೆ ಒಪ್ಪಿದರು. ಬಸ್ಸು ಬೆಟ್ಟಗಳ ಸಂದಿನಲ್ಲಿ ನುಸುಳಿ ಕೆಳಗಿಳಿಯುತ್ತಿದ್ದಂತೆ ಬಿಸಿಲು ಹೆಚ್ಚಿತು.

ಅಪ್ಪ ಪ್ರೈಮರಿ ಶಾಲೆಯ ಮೇಷ್ಟ್ರಾಗಿ ನಿವೃತ್ತರಾದವರು, ಯೌವನದಲ್ಲೇ ಬೌದ್ಧರಾದರು. ಬುದ್ಧನಿಗೆ ಪಾಯಸ ಕೊಟ್ಟವಳ ಹೆಸರೆಂದು ನನಗೆ ಸುಜಾತ ಎಂದು ಹೆಸರಿಟ್ಟದ್ದು ಅದಕ್ಕೇ. ನಮ್ಮ ಕೇರಿಯಲ್ಲಿ ಮದುವೆ, ನಾಮಕರಣ, ಸಾವು ಯಾವುದಿದ್ದರೂ ಪಾಲಿಯಲ್ಲಿ ಪ್ರಾರ್ಥನೆ ಹೇಳಿಕೊಡುವವರು ಅವರೇ. ಬಾಗಿಲಲ್ಲಿ ಸೊವಣ್ಣನನ್ನು ನೋಡಿ ಕೈಮುಗಿದು, "ಬನ್ನಿ ಬನ್ನಿ, ಒಳಗೆ ಬನ್ನಿ. ಬುದ್ಧನ ದೇಶದೋರು ನಮ್ಮನೇಗೆ ಬಂದಂಗಾಯ್ತು," ಎಂದರು. ಬುದ್ಧ ಹುಟ್ಟಿದ್ದು ನಿಮ್ಮ ಕಡೆ ಅಲ್ಲವೇ ಎಂದು ಸೊವಣ್ಣ ನನ್ನ ಮೂಲಕ ಕೇಳಿದರು. "ಹುಟ್ಟಿದ್ದು ಈ ಕಡೆ, ಉಳ್ಕಂಡಿದ್ದು ಅವರ ಕಡೆ ಅಂತ ಹೇಳಮ್ಮ," ಎಂದರು ಅಪ್ಪ. ತಮ್ಮನ ಹೆಂಡತಿ ಮುದ್ದೆ, ಹುರುಳಿಕಾಳಿನ ಬಸ್ಸಾರು ಬಡಿಸಿದಳು. ಮುದ್ದೆಯನ್ನು ಅಗಿಯದೆ ನುಂಗಬೇಕೆಂದು ಅಪ್ಪ ತಾವೇ ತೋರಿಸಿಕೊಟ್ಟರು.

ಗುರುವಾರ ಬಿಸಿಲೇರುವ ಮೊದಲು ಅಪ್ಪ ನಮ್ಮಿಬ್ಬರನ್ನೂ ವಿದುರಾಶ್ವತ್ಥಕ್ಕೆ ಕರೆದುಕೊಂಡು ಹೋದರು, ಆಟೋದಲ್ಲಿ ಆರು ಕಿಲೋಮೀಟರ್. ಅರಳಿಮರದ ಸುತ್ತ ನಾಗರಕಲ್ಲುಗಳು. ಆಚೆಗೆ, 1938ರಲ್ಲಿ ಬಾವುಟ ಹಾರಿಸಲು ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಜಾಗದ ಸ್ಮಾರಕ. ಸೊವಣ್ಣ ಅದರೆದುರು ಕಾಲು ಜೋಡಿಸಿ ನಿಂತರು. ಸತ್ತವರ ಹೆಸರು ಗೊತ್ತಿದೆಯೇ ಎಂದರು. "ಕೆಲವರದ್ದು ಗೊತ್ತು, ಎಲ್ಲರದ್ದೂ ಸಿಕ್ಕಿಲ್ಲ ಅಂತಾರೆ. ಸಂತೆಗೆ ಬಂದೋರು, ದೂರದೂರಿನೋರು ಇದ್ರು. ಮನೇಲಿ ಎಷ್ಟು ದಿನ ಕಾದ್ರೋ ಯಾರಿಗ್ಗೊತ್ತು," ಎಂದರು ಅಪ್ಪ. ನಾನು ಅದನ್ನು ಹಾಗೇ ಹೇಳಿದೆ. ಪಕ್ಕದಲ್ಲೇ ಉತ್ತರ ಪಿನಾಕಿನಿಯ ಪಾತ್ರ, ಬರೀ ಮರಳು ಮತ್ತು ಜಾಲಿ. ಸೊವಣ್ಣ ಚಪ್ಪಲಿ ಕೈಯಲ್ಲಿ ಹಿಡಿದು ಮರಳಿಗೆ ಇಳಿದು, ನಡುವಿನವರೆಗೆ ಹೋಗಿ, ನೀರು ಬರಬೇಕಾದ ದಿಕ್ಕಿಗೆ ಮುಖ ಮಾಡಿ ನಿಂತರು. ಅಪ್ಪ ಕರೆಯಬೇಡ ಎಂದು ನನಗೆ ಕಣ್ಣಲ್ಲೇ ಹೇಳಿದರು.

ಮನೆಗೆ ಬಂದು ಅಮ್ಮನ ಫೋಟೋವನ್ನು ಬುದ್ಧನ ಪಟದ ಪಕ್ಕ ಇಟ್ಟು, ಮೇಣದಬತ್ತಿ ಹಚ್ಚಿ ಎಲ್ಲರೂ ಚಾಪೆಯ ಮೇಲೆ ಕೂತೆವು. ಅಪ್ಪ ಶುರುಮಾಡಿದರು: ಬುದ್ಧಂ ಸರಣಂ ಗಚ್ಛಾಮಿ. ಹಿಂದಿನಿಂದ ಸೊವಣ್ಣನ ದನಿ ಅವರ ದೇಶದ ಉಚ್ಚಾರದಲ್ಲಿ ಕೂಡಿಕೊಂಡಿತು: ಪುತ್ಥಂ ಸರಣಂ ಕಚ್ಛಾಮಿ. ಮೂರು ದಿನ ನಾನು ನಡುವೆ ನಿಂತು ಹೊತ್ತು ಸಾಗಿಸಿದ್ದ ಮಾತು ಈಗ ನನ್ನನ್ನು ಬಿಟ್ಟು ನೇರವಾಗಿ ಆ ಇಬ್ಬರ ನಡುವೆ ಓಡಾಡತೊಡಗಿತು. ಐದು ಶೀಲಗಳನ್ನೂ ಒಟ್ಟಿಗೆ ಹೇಳಿದರು. ಅಪ್ಪನ ಉಸಿರು ಕಡಿಮೆಯಾದ ಕಡೆ ಸೊವಣ್ಣ ಮುಂದುವರಿಸಿದರು.

ಪುಣ್ಯವನ್ನು ಸತ್ತವರಿಗೆ ಅರ್ಪಿಸುವಾಗ ಅಪ್ಪ ನಿಲ್ಲಿಸಿ, "ಇವರ ಮನೇಲಿ ಯಾರಾದ್ರೂ ಹೋಗಿರೋರಿದ್ರೆ ಹೆಸರು ಸೇರಿಸ್ತೀನಿ. ಕೇಳಮ್ಮ," ಎಂದರು.

ನಾನು ಅಪ್ಪನಿಗೆ ಏನೂ ಹೇಳಿರಲಿಲ್ಲ. ಅಪ್ಪ ನನ್ನನ್ನೇ ನೋಡುತ್ತಿದ್ದರು, ಕೇಳಿದೆ. ಸೊವಣ್ಣ ಎದ್ದು ಅಂಗಳಕ್ಕೆ ಹೋದರು. ತಮ್ಮ ನನ್ನ ಮುಖ ನೋಡಿದ. ಏನಾಯ್ತು, ತಪ್ಪಾಯ್ತಾ ಎಂದು ಅವನ ಹೆಂಡತಿ ಪಿಸುಗುಟ್ಟಿದಳು. ಅಪ್ಪ ಕಣ್ಣು ಮುಚ್ಚಿಕೊಂಡು ಕಾದರು. ಬಾಗಿಲ ಸಂದಿಯಿಂದ ಸೊವಣ್ಣನ ಬೆನ್ನು ಕಾಣುತ್ತಿತ್ತು; ತೊಟ್ಟಿಯ ಅಂಚು ಹಿಡಿದು ಬಗ್ಗಿ ನಿಂತಿದ್ದರು. ಮುಖ ತೊಳೆದ ಸದ್ದು ಕೇಳಿಸಿತು. ಒಳಗೆ ಬಂದು ಅದೇ ಜಾಗದಲ್ಲಿ ಕೂತು, ಅಪ್ಪನ ಕಡೆ ತಿರುಗಿ, "ಬೊಪ್ಪಾ," ಎಂದರು.

"ಯಾರು ಅವರು?"

"ಹೆಂಡತಿ," ಎಂದೆ ನಾನು. "ಹೂವು ಅಂತ ಅರ್ಥವಂತೆ."

"ಪುಷ್ಪ," ಎಂದರು ಅಪ್ಪ. ಅಮ್ಮನ ಹೆಸರು ಹೇಳಿ, ಆಮೇಲೆ ಬೊಪ್ಪಾ ಹೆಸರನ್ನು ಸೊವಣ್ಣ ಹೇಳಿದ ಹಾಗೆಯೇ ಹೇಳಿದರು. ಮುಗಿಸುವ ಮೊದಲು, "ಇನ್ಯಾರಾದ್ರೂ?" ಎಂದರು.

ನಾನು ಮಾಲಿಯ ಹೆಸರಿಗಾಗಿ ಕಾದೆ. ಸೊವಣ್ಣ ತಲೆ ಅಡ್ಡಡ್ಡ ಆಡಿಸಿದರು. "ಅವಳಿಗೆ ಆಗ ಮೂರು ವರ್ಷ," ಎಂದು ನನಗೆ ಮಾತ್ರ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿದರು. "ಮೂರು ವರ್ಷದ ಮಗುವನ್ನು ಯಾರಾದರೂ ಎತ್ತಿಕೊಂಡು ಹೋಗಿ ಸಾಕಿರಬಹುದು. ಅವಳಿಗೆ ತನ್ನ ಹೆಸರೂ ಮರೆತಿರಬಹುದು." ಇಲ್ಲ, ಇನ್ಯಾರೂ ಇಲ್ಲ ಎಂದು ಅಪ್ಪನಿಗೆ ಹೇಳಿದೆ.

ಮಧ್ಯಾಹ್ನ ಹಿಂದೂಪುರದ ಕಡೆಯಿಂದ ಬರುವ ಪ್ಯಾಸೆಂಜರಿಗೆ ಅವರನ್ನು ಹತ್ತಿಸಲು ಸ್ಟೇಷನ್ನಿಗೆ ಹೋದೆ. ರೈಲು ತಡವಾಗಿತ್ತು. ನೆರಳಿನ ಬೆಂಚಿನಲ್ಲಿ ಕೂತು ಕಡಲೆಕಾಯಿ ತಿಂದೆವು. ನಮ್ಮ ಊರಿಗೆ ಬನ್ನಿ, ಮಳೆಗಾಲ ಮುಗಿಯುವಾಗ ಬನ್ನಿ, ಆಗ ನದಿ ತುಂಬಿರುತ್ತದೆ ಎಂದರು. ಬರುತ್ತೇನೆ ಎಂದೆ; ಇಬ್ಬರಿಗೂ ಅದು ಆಗದ ಮಾತೆಂದು ಗೊತ್ತಿತ್ತು. ಗಾಡಿ ಬಂದಾಗ ಜನ ನುಗ್ಗಿದರು. ಬಾಗಿಲಲ್ಲಿದ್ದವನೊಬ್ಬ, "ಕೈ ಕೊಡಿ ಯಜಮಾನ್ರೇ," ಎಂದು ಅವರನ್ನು ಮೇಲೆಳೆದುಕೊಂಡ. ಕಿಟಕಿಯ ಪಕ್ಕ ಸೀಟು ಸಿಗಲಿಲ್ಲ. ಜನರ ತಲೆಗಳ ನಡುವೆ ಅವರ ನರೆತ ಕೂದಲು ಸ್ವಲ್ಪ ಹೊತ್ತು ಕಂಡು, ಆಮೇಲೆ ಯಾವುದು ಅವರದ್ದೆಂದು ತಿಳಿಯಲಿಲ್ಲ.

ನಾನು ಅದೇ ಸಂಜೆ ಶಿಡ್ಲಘಟ್ಟಕ್ಕೆ ಹಿಂತಿರುಗಿದೆ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿತ್ತು. ನೂರುನ್ನೀಸಾ ಬಾಗಿಲಲ್ಲೇ, "ಸೋಮಣ್ಣೋರು ಹೋದ್ರಾ?" ಎಂದು ಕೇಳಿದರು. ಹೋದರು ಎಂದು ಮೆಟ್ಟಿಲು ಹತ್ತಿದೆ.

ಹೋದ ವರ್ಷ ಅಪ್ಪ ತೀರಿಕೊಂಡರು. ಬದುಕಿದ್ದಷ್ಟು ದಿನ ಅವರು ಅಮ್ಮನ ಹೆಸರಿನ ಜೊತೆ ಬೊಪ್ಪಾ ಹೆಸರನ್ನೂ ಹೇಳುತ್ತಿದ್ದರು. ನಮ್ಮ ಮನೆಯಲ್ಲಿ ಒಮ್ಮೆ ಹೇಳಿದ ಹೆಸರು ಬಿಡಬಾರದು ಎನ್ನುತ್ತಿದ್ದರು. ಸೊವಣ್ಣನಿಂದ ಸುದ್ದಿ ಬಂದಿಲ್ಲ. ಮಗಳು ಮಾಲಿ ಸಿಕ್ಕಳೋ ಇಲ್ಲವೋ ತಿಳಿಯದು. ಈ ಮಾರ್ಚಿನಲ್ಲಿ ಚಾಪೆಯ ಮೇಲೆ ಮುಂದೆ ಕೂತು ಹೇಳಿಕೊಟ್ಟವಳು ನಾನು. ಅಮ್ಮ, ಅಪ್ಪ, ಬೊಪ್ಪಾ ಎಂದು ಮೂರು ಹೆಸರು ಹೇಳಿದೆ. ಇನ್ಯಾರಾದರೂ ಎಂದು ತಮ್ಮ ಕೇಳಿದ. ಇಲ್ಲ, ಇಷ್ಟೇ ಎಂದೆ.